ಬೈಗುಳವೂ ದಾಖಲಾದ ಸಂಗೀತ: ಜಪಾನಿನ ಫ್ರೀ ಜಾಝ್‌ನ ಅಪರೂಪದ ಲೈವ್ ಟೇಪುಗಳು

1971ರ ಆಗಸ್ಟ್ 14. ಟೋಕಿಯೊದಿಂದ ಪೂರ್ವಕ್ಕಿರುವ ಸನ್ರಿಝುಕಾ ಎಂಬ ಹಳ್ಳಿಗಾಡು. ಅಲ್ಲಿನ ರೈತರ ಜಮೀನು ತೆಗೆದುಕೊಂಡು ವಿಮಾನ ನಿಲ್ದಾಣ ಕಟ್ಟಲು ಸರ್ಕಾರ ಹೊರಟಿತ್ತು. ಇವತ್ತು ನರಿತಾ ಅಂತ ಎಲ್ಲರಿಗೂ ಗೊತ್ತಿರುವ ನಿಲ್ದಾಣವೇ ಅದು. ರೈತರು ಬಿಡಲಿಲ್ಲ. ವಿದ್ಯಾರ್ಥಿಗಳು ಅವರ ಬೆನ್ನಿಗೆ ನಿಂತರು. ಆ ಹೋರಾಟದ ನೆಲದಲ್ಲೇ ಮೂರು ದಿನದ ಗೆನ್ಯಾ ಸಂಗೀತ ಉತ್ಸವ ನಡೆಯಿತು.

ರಾಕ್ ತಂಡಗಳ ನಡುವೆ ಅವತ್ತು ಮೂವರು ವೇದಿಕೆ ಹತ್ತಿದರು. ಗಿಟಾರ್ ಹಿಡಿದವರು ಮಸಾಯುಕಿ ತಕಾಯಾನಗಿ, ಸ್ಯಾಕ್ಸೊಫೋನ್ ಕೆಂಜಿ ಮೋರಿ, ಡ್ರಮ್ಸ್ ಹಿರೋಶಿ ಯಾಮಾಝಾಕಿ. ಅವರು ನುಡಿಸಿದ್ದರ ಹೆಸರು 'ಲಾ ಗ್ರಿಮಾ'. ಹಾಡು ಅಂತ ಅದನ್ನು ಕರೆಯುವುದು ಕಷ್ಟ. ಗಿಟಾರ್ ಕಿರುಚುತ್ತದೆ, ಡ್ರಮ್ಸ್ ಎಲ್ಲೂ ಒಂದು ಕಡೆ ನಿಲ್ಲುವುದಿಲ್ಲ, ಸ್ಯಾಕ್ಸೊಫೋನ್ ಅವೆರಡರ ಮೇಲೆ ಹತ್ತಿ ಕೂಗುತ್ತದೆ. ಸುಮಾರು 40 ನಿಮಿಷ ಹೀಗೇ. ಜನರಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಕೂಗಿದರು, ಬೈದರು, ಕೈಗೆ ಸಿಕ್ಕಿದ್ದನ್ನು ವೇದಿಕೆಯತ್ತ ಎಸೆದರು. ಮೂವರೂ ನಿಲ್ಲಿಸಲಿಲ್ಲ. ಕೇಳುತ್ತಿದ್ದವರು ಸರ್ಕಾರಕ್ಕೇ ಹೆದರದೆ ನಿಂತಿದ್ದ ಜನ. ಅವರಿಗೂ ಈ ಸದ್ದು ತಡೆದುಕೊಳ್ಳಲು ಆಗಲಿಲ್ಲ.

ಇಷ್ಟೆಲ್ಲ ನಮಗೆ ಗೊತ್ತಿರುವುದಕ್ಕೆ ಒಂದು ಕಾರಣ, ಅಲ್ಲಿ ಟೇಪ್ ಓಡುತ್ತಿತ್ತು. ಆದರೆ ಆ ಪೂರ್ತಿ ಪ್ರದರ್ಶನ ಸಿ.ಡಿ.ಯಾಗಿ ಹೊರಬಂದದ್ದು 2000ದ ದಶಕದಲ್ಲಿ. ಅಂದರೆ ಮೂರು ದಶಕಕ್ಕೂ ಜಾಸ್ತಿ ಕಾಲ ಅದು ಯಾರದೋ ಕಪಾಟಿನಲ್ಲಿ ಕೂತಿತ್ತು.

ಜಪಾನಿನ ಫ್ರೀ ಜಾಝ್ ಕಥೆಯಲ್ಲಿ ಇಂಥದ್ದು ಮತ್ತೆ ಮತ್ತೆ ಆಗಿದೆ. ಒಳ್ಳೆಯದು ಅನ್ನಿಸುವ ಬಹುಪಾಲು ಸಂಗೀತ ಲೈವ್ ಟೇಪಿನಲ್ಲಿದೆ. ಅದರಲ್ಲಿ ಬಹಳಷ್ಟು ಕಲಾವಿದರು ತೀರಿಕೊಂಡ ಮೇಲೆ ಹೊರಬಂದಿದೆ. ಯಾಕೆ ಹೀಗಾಯಿತು? ಕರ್ಕಶ ಅನ್ನಿಸುವ ಈ ಟೇಪುಗಳಲ್ಲಿ ಕೇಳುವುದಾದರೂ ಏನನ್ನು?

ಮೊದಲು, ಫ್ರೀ ಜಾಝ್ ಅಂದರೆ ಏನು ಅಂತ ನೋಡೋಣ. ಸಾಮಾನ್ಯ ಜಾಝ್‌ನಲ್ಲಿ ಒಂದು ಧಾಟಿ ಇರುತ್ತದೆ, ಅದರ ಕೆಳಗೆ ಸುತ್ತು ಸುತ್ತಾಗಿ ಮರಳಿ ಬರುವ ಸ್ವರಗುಚ್ಛಗಳ ಸರಣಿ ಇರುತ್ತದೆ. ಆ ಸುತ್ತಿನೊಳಗೆ ಒಬ್ಬೊಬ್ಬರೇ ಸರದಿಯಲ್ಲಿ ತಮ್ಮ ಕಲ್ಪನೆ ಬಿಚ್ಚುತ್ತಾರೆ. 1950ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್‌ಮನ್, ಪಿಯಾನೊ ವಾದಕ ಸೆಸಿಲ್ ಟೇಲರ್ ಮುಂತಾದವರು ಈ ಸುತ್ತನ್ನೇ ಬಿಟ್ಟುಬಿಟ್ಟರು. ಮುಂದೆ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಕೂಡ ಅದೇ ದಾರಿ ಹಿಡಿದರು.

ನಮ್ಮ ಕಛೇರಿ ಕೇಳಿ ಬೆಳೆದವರಿಗೆ ಇದನ್ನು ಹೀಗೆ ಹೇಳಬಹುದು. ರಾಗಾಲಾಪನೆಯಲ್ಲಿ ತಾಳವಿಲ್ಲ, ಆದರೆ ರಾಗದ ಬೇಲಿ ಇದೆ. ತನಿ ಆವರ್ತನದಲ್ಲಿ ರಾಗವಿಲ್ಲ, ಆದರೆ ತಾಳದ ಬೇಲಿ ಇದೆ. ಎರಡೂ ಬೇಲಿಗಳನ್ನು ಒಟ್ಟಿಗೇ ಕಿತ್ತುಹಾಕಿ, ಆದರೆ ಮನೋಧರ್ಮವನ್ನು ಮಾತ್ರ ಉಳಿಸಿಕೊಂಡರೆ? ಆಗ ಕಲಾವಿದನಿಗೆ ಉಳಿಯುವುದು ತನ್ನ ಉಸಿರು, ತನ್ನ ಕೈ, ಪಕ್ಕದಲ್ಲಿ ನಿಂತವನ ಸದ್ದು, ಮತ್ತೆ ಆ ಕೋಣೆ. ಇಷ್ಟರಿಂದಲೇ ಅರ್ಧ ಗಂಟೆ, ಒಂದು ಗಂಟೆ ಕಟ್ಟಬೇಕು. ಸುಮ್ನೆ ಗಲಾಟೆ ಮಾಡುವುದು ಅಂತ ಕಾಣಿಸಿದರೂ, ಪಕ್ಕದವನನ್ನು ಇಷ್ಟು ಕಿವಿಗೊಟ್ಟು ಕೇಳಬೇಕಾದ ಸಂಗೀತ ಇನ್ನೊಂದಿಲ್ಲ.

ಜಪಾನಿನಲ್ಲಿ ಇದಕ್ಕೆ ನೆಲ ಮೊದಲೇ ಹದವಾಗಿತ್ತು. ಜಾಝ್ ರೆಕಾರ್ಡ್ ಕೇಳುವುದಕ್ಕೇ ಮೀಸಲಾದ ಕಾಫಿ ಅಂಗಡಿಗಳು ಅಲ್ಲಿ ಊರೂರಿಗೂ ಇದ್ದವು. ಮನೆಯಲ್ಲಿ ದುಬಾರಿ ರೆಕಾರ್ಡ್ ಕೊಳ್ಳಲಾಗದವರು ಒಂದು ಕಾಫಿಯ ದುಡ್ಡಿಗೆ ಗಂಟೆಗಟ್ಟಲೆ ಕೂತು ಕೇಳುತ್ತಿದ್ದರು. 1966ರ ಜುಲೈನಲ್ಲಿ ಕೋಲ್ಟ್ರೇನ್ ತಮ್ಮ ತಂಡದೊಂದಿಗೆ ಜಪಾನ್ ಪ್ರವಾಸ ಮಾಡಿದರು. ಟೋಕಿಯೊದಲ್ಲಿ ಅವರು ಒಂದೇ ಧಾಟಿಯನ್ನು ಸುಮಾರು ಒಂದು ಗಂಟೆ ಎಳೆದು, ಹರಿದು, ಮತ್ತೆ ಕಟ್ಟಿದ್ದು ರೆಕಾರ್ಡ್ ಆಗಿ ಉಳಿದಿದೆ. ಮರುವರ್ಷವೇ ಅವರು ತೀರಿಕೊಂಡರು.

ಆದರೆ ಜಪಾನಿನ ಫ್ರೀ ಜಾಝ್ ಅಮೆರಿಕದ ನಕಲು ಅಂದುಕೊಂಡರೆ ತಪ್ಪಾಗುತ್ತದೆ. ಕೋಲ್ಟ್ರೇನ್ ಬರುವ ಮೂರು ವರ್ಷ ಮೊದಲೇ, ಟೋಕಿಯೊದ ಗಿಂಝಾದ ಗಿನ್‌ಪಾರಿ ಎಂಬ ಹಾಡುಗಳ ಕೆಫೆಯಲ್ಲಿ ತಕಾಯಾನಗಿ ಮತ್ತು ಗೆಳೆಯರು ಹೊಸ ದಾರಿ ಹುಡುಕುತ್ತಿದ್ದರು. 1963ರ ಜೂನ್ 26ರ ರಾತ್ರಿಯ ಅಂಥ ಒಂದು ಕೂಟ ಟೇಪಿನಲ್ಲಿದೆ. ಅದನ್ನು ರೆಕಾರ್ಡ್ ಮಾಡಿದವರು ಯಾವ ಕಂಪನಿಯವರೂ ಅಲ್ಲ, ಒಕಾಝಾಕಿ ಊರಿನ ಒಬ್ಬ ಶಸ್ತ್ರಚಿಕಿತ್ಸಕರು, ಡಾಕ್ಟರ್ ಒಸಾಮು ಉಚಿದಾ. ಜಾಝ್ ಹುಚ್ಚಿನಿಂದ ಅವರು ಕಲಾವಿದರ ಹಿಂದೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಓಡಾಡಿದರು. ಆ ಟೇಪನ್ನು 1970ರ ದಶಕದಲ್ಲಿ ತ್ರೀ ಬ್ಲೈಂಡ್ ಮೈಸ್ ಎಂಬ ಸಣ್ಣ ಕಂಪನಿ ರೆಕಾರ್ಡಿನ ರೂಪದಲ್ಲಿ ಹೊರತಂದಿತು. ಡಾಕ್ಟರರ ಸಂಗ್ರಹ ಈಗ ಒಕಾಝಾಕಿ ನಗರದ ಬಳಿಯಿದೆ. ಒಬ್ಬ ವೈದ್ಯರ ಹವ್ಯಾಸ ಇಲ್ಲದಿದ್ದರೆ ಆ ರಾತ್ರಿ ಯಾರಿಗೂ ಸಿಗುತ್ತಿರಲಿಲ್ಲ.

ಆಮೇಲೆ ಬಂತು 1969. ದೇಶದ ತುಂಬ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಚಳವಳಿ. ಟೋಕಿಯೊದ ವಸೇದಾ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳು ಕಟ್ಟಡಕ್ಕೆ ಅಡ್ಡಗಟ್ಟೆ ಹಾಕಿಕೊಂಡು ಒಳಗೆ ಕೂತಿದ್ದರು. ಆ ಜುಲೈನಲ್ಲಿ ಪಿಯಾನೊ ವಾದಕ ಯೋಸುಕೆ ಯಾಮಾಶಿತಾ ತಮ್ಮ ತಂಡದೊಂದಿಗೆ ಅಲ್ಲಿಗೇ ಹೋಗಿ ನುಡಿಸಿದರು. ಟಿ.ವಿ. ಸಾಕ್ಷ್ಯಚಿತ್ರಕಾರ ಸೊಯಿಚಿರೊ ತಹಾರಾ ಇದನ್ನು ಏರ್ಪಡಿಸಿದ್ದರು. ವಿಶ್ವವಿದ್ಯಾಲಯದ ದೊಡ್ಡ ಸಭಾಂಗಣದಲ್ಲಿದ್ದ ಪಿಯಾನೊವನ್ನು ವಿದ್ಯಾರ್ಥಿಗಳು ಹೊತ್ತು ತಂದರು. ಒಬ್ಬರನ್ನೊಬ್ಬರು ಕಂಡರಾಗದ ಬಣಗಳ ಹುಡುಗರು ಹೆಲ್ಮೆಟ್ ಹಾಕಿಕೊಂಡೇ ಬಂದು ಕೂತರು. ಹೊಡೆದಾಟ ಆಗಬಹುದು ಅನ್ನುವ ನಿರೀಕ್ಷೆ ಇತ್ತು. ಆಗಲಿಲ್ಲ. ಎಲ್ಲರೂ ಕೂತು ಕೇಳಿದರು.

ಅದರ ರೆಕಾರ್ಡಿನ ಹೆಸರು 'ಡ್ಯಾನ್ಸಿಂಗ್ ಕೊಜಿಕಿ'. ಅದು ಶುರುವಾಗುವುದೇ ವಿದ್ಯಾರ್ಥಿಯ ಚಳವಳಿ ಭಾಷಣದಿಂದ. ಆಮೇಲೆ ಪಿಯಾನೊ, ಸೆಯಿಚಿ ನಕಾಮುರಾ ಅವರ ಸ್ಯಾಕ್ಸೊಫೋನ್, ತಕೆಯೊ ಮೊರಿಯಾಮಾ ಅವರ ಡ್ರಮ್ಸ್ ಒಟ್ಟಿಗೇ ಧುಮುಕುತ್ತವೆ. ತಂಡದಲ್ಲಿ ಬೇಸ್ ವಾದ್ಯವೇ ಇಲ್ಲ. ಹಾಗಾಗಿ ಕೆಳಗೆ ಹಿಡಿದು ನಿಲ್ಲಿಸುವವರು ಯಾರೂ ಇಲ್ಲ, ಮೂವರೂ ಓಡುತ್ತಲೇ ಒಬ್ಬರನ್ನೊಬ್ಬರು ಹಿಡಿಯಬೇಕು. ಇದೇ ಸಂಗೀತವನ್ನು ಒಳ್ಳೆಯ ಸ್ಟುಡಿಯೊದಲ್ಲಿ, ಶ್ರುತಿ ಸರಿ ಮಾಡಿದ ಪಿಯಾನೊದಲ್ಲಿ ನುಡಿಸಿ ರೆಕಾರ್ಡ್ ಮಾಡಬಹುದಿತ್ತು, ಅಲ್ವಾ? ಮಾಡಬಹುದಿತ್ತು. ಆದರೆ ಆ ಭಾಷಣ, ಆ ಕೋಣೆ, ನಾಳೆ ಪೊಲೀಸರು ಬರಬಹುದು ಅನ್ನುವ ಆ ಬಿಗಿ, ಇವು ಅಲ್ಲಿ ಇರುತ್ತಿರಲಿಲ್ಲ. 2022ರಲ್ಲಿ ಕಾದಂಬರಿಕಾರ ಹರುಕಿ ಮುರಾಕಾಮಿ ಮುಂದೆ ನಿಂತು ವಸೇದಾದಲ್ಲೇ ಈ ಕಛೇರಿಯನ್ನು ಮತ್ತೊಮ್ಮೆ ಏರ್ಪಡಿಸಿದರು. 53 ವರ್ಷ ಕಳೆದರೂ ಜನ ಅದನ್ನು ಮರೆತಿರಲಿಲ್ಲ.

ಲೈವ್ ಟೇಪು ಸ್ಟುಡಿಯೊ ರೆಕಾರ್ಡಿಗಿಂತ ಒಂದು ಮೆಟ್ಟಿಲು ಕೆಳಗೆ ಅನ್ನುವ ಅಭಿಪ್ರಾಯ ಬೇರೆ ಸಂಗೀತಕ್ಕೆ ಸರಿ ಇರಬಹುದು. ಇಲ್ಲಿ ಅದು ನಡೆಯುವುದಿಲ್ಲ. ಮೊದಲೇ ಬರೆದ ಹಾಡಿದ್ದರೆ ಅದನ್ನು ಚೆನ್ನಾಗಿ ಅಥವಾ ಕೆಟ್ಟದಾಗಿ ರೆಕಾರ್ಡ್ ಮಾಡಬಹುದು. ಇಲ್ಲಿ ಹಾಡೇ ಇಲ್ಲ. ಅವತ್ತು ಆ ಹೊತ್ತಿನಲ್ಲಿ ಆದದ್ದೇ ಕೃತಿ. ಟೇಪು ಸಿಕ್ಕರೆ ಕೃತಿ ಉಳಿಯಿತು, ಇಲ್ಲದಿದ್ದರೆ ಹೋಯಿತು.

ಹಾಗಾದರೆ ಇವು ಇಷ್ಟು ಅಪರೂಪ ಯಾಕೆ? ಯಾರೂ ರೆಕಾರ್ಡ್ ಮಾಡಲಿಲ್ಲ ಅಂತಲ್ಲ. ಮಾಡಿದ್ದನ್ನು ಹೊರತರುವವರು ಇರಲಿಲ್ಲ. 1969, 70ರ ಸುಮಾರಿಗೆ ವಿಕ್ಟರ್, ತೆಯಿಚಿಕು ಅಂಥ ದೊಡ್ಡ ಕಂಪನಿಗಳೂ ಒಂದೆರಡು ರೆಕಾರ್ಡ್ ಮಾಡಿದವು. ಡ್ರಮ್ಸ್ ವಾದಕ ಮಸಾಹಿಕೊ ತೊಗಾಶಿ ಅವರ 'ವಿ ನೌ ಕ್ರಿಯೇಟ್' ಬಂದದ್ದು ಹಾಗೆ. (ತೊಗಾಶಿ 1970ರಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡರು. ಆಮೇಲೆ ಕೈಯಲ್ಲೇ ಎಲ್ಲ ನುಡಿಸುವಂತೆ ತಮ್ಮ ಡ್ರಮ್ಸ್ ಜೋಡಣೆಯನ್ನೇ ಬದಲಿಸಿಕೊಂಡು ದಶಕಗಳ ಕಾಲ ನುಡಿಸಿದರು. 2007ರಲ್ಲಿ ತೀರಿಕೊಂಡರು. ಅವರ ಬಗ್ಗೆ ಬೇರೆಯೇ ಬರೆಯಬೇಕು.) ಆದರೆ ನಿತ್ಯದ ಸಂಗೀತ ನಡೆಯುತ್ತಿದ್ದದ್ದು ಬೇರೆ ಕಡೆ. ಟೋಕಿಯೊದ ಶಿಂಜುಕುವಿನ ಪಿಟ್ ಇನ್ ಎಂಬ ಹೆಸರಾಂತ ಜಾಝ್ ಕ್ಲಬ್ಬಿನ ಮಹಡಿಯಲ್ಲಿ ವಾದ್ಯ ಇಡುವ ಉಗ್ರಾಣವೊಂದಿತ್ತು. 1969ರ ಕೊನೆಗೆ ವಿಮರ್ಶಕ ತೆರುತೊ ಸೊಯೆಜಿಮಾ ಅದನ್ನೇ ನ್ಯೂ ಜಾಝ್ ಹಾಲ್ ಮಾಡಿದರು. 1971ರಲ್ಲಿ ಅದು ಮುಚ್ಚಿತು. ಅಷ್ಟರೊಳಗೆ ಜಪಾನಿನ ಫ್ರೀ ಜಾಝ್‌ನ ಒಂದು ಪೀಳಿಗೆ ಆ ಉಗ್ರಾಣದಲ್ಲೇ ಬೆಳೆದಿತ್ತು.

ಸೊಯೆಜಿಮಾ ಅಲ್ಲಿಗೆ ಬಿಡಲಿಲ್ಲ. 1973ರ ಜೂನ್ 27ರಿಂದ ಜುಲೈ 10ರವರೆಗೆ ಶಿಂಜುಕುವಿನ ಒಂದು ಸಿನಿಮಾ ಮಂದಿರದಲ್ಲಿ 14 ದಿನ ಫ್ರೀ ಜಾಝ್ ಉತ್ಸವ ನಡೆಸಿದರು. ಅದರ ಆಯ್ದ ಭಾಗ 'ಇನ್‌ಸ್ಪಿರೇಷನ್ ಅಂಡ್ ಪವರ್ 14' ಎಂಬ ಜೋಡಿ ರೆಕಾರ್ಡಿನಲ್ಲಿದೆ. ಆ ಕಾಲದಲ್ಲಿ ಯಾರು ಯಾರು ಇದ್ದರು, ಹೇಗೆ ನುಡಿಸುತ್ತಿದ್ದರು ಅಂತ ಒಂದೇ ಕಡೆ ಕೇಳಬೇಕಾದರೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ.

ಉಳಿದವರು ಸ್ವಂತ ದುಡ್ಡಿನಲ್ಲಿ ಅಥವಾ ಗೆಳೆಯರ ದುಡ್ಡಿನಲ್ಲಿ ರೆಕಾರ್ಡ್ ಒತ್ತಿಸಿದರು. ತಕಾಯಾನಗಿ ಅವರ 'ಎಕ್ಲಿಪ್ಸ್' 1975ರಲ್ಲಿ ಬಂದಾಗ ಒತ್ತಿಸಿದ್ದು ನೂರೇ ಪ್ರತಿ. ಅದೇ ವರ್ಷ ಅವರು ಅಮೆರಿಕದ ಇ.ಎಸ್.ಪಿ. ಡಿಸ್ಕ್ ಕಂಪನಿಗೆಂದು ಒಂದು ರೆಕಾರ್ಡ್ ಸಿದ್ಧ ಮಾಡಿದ್ದರು. ಕಂಪನಿಯೇ ಬಾಗಿಲು ಹಾಕಿತು. ಆ ಸಂಗೀತ ಹೊರಬಂದದ್ದು 1991ರಲ್ಲಿ. ಆ ವರ್ಷವೇ ತಕಾಯಾನಗಿ ಕೂಡ ಹೋದರು. 59 ವರ್ಷ ದಾಟಿರಲಿಲ್ಲ.

ತಕಾಯಾನಗಿ ಏನು ಮಾಡುತ್ತಿದ್ದರು ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು. ಅವರು ಗಲಾಟೆಯಿಂದ ಶುರು ಮಾಡಿದವರಲ್ಲ. ಶಿಸ್ತಿನ ಜಾಝ್ ಕಲಿತವರು, ಬ್ರೆಜಿಲಿನ ಬೊಸ್ಸ ನೋವಾ ನುಡಿಸಿದವರು, ಟ್ಯಾಂಗೊ ಅಂದರೆ ಪ್ರಾಣ ಬಿಡುತ್ತಿದ್ದವರು, ಬಹಳ ಕಟ್ಟುನಿಟ್ಟಾದ ಗಿಟಾರ್ ಮೇಷ್ಟ್ರು. ಹಾಗಾಗಿ ಸ್ವಾತಂತ್ರ್ಯಕ್ಕೂ ಅವರು ಒಂದು ಕ್ರಮ ಮಾಡಿಕೊಂಡರು. ಅದರಲ್ಲಿ ಎರಡು ಬಗೆ. ಒಂದಕ್ಕೆ 'ಗ್ರ್ಯಾಜುಯಲಿ ಪ್ರೊಜೆಕ್ಷನ್' ಅಂತ ಹೆಸರಿಟ್ಟರು. ಅಲ್ಲಿ ಒಂದು ತಂತಿ ಮಿಡಿಯುತ್ತದೆ, ಕಾಯುತ್ತಾರೆ, ಕೊಳಲೋ ತಾಳವಾದ್ಯವೋ ಅದಕ್ಕೆ ಉತ್ತರ ಕೊಡುತ್ತದೆ, ಮತ್ತೆ ಕಾಯುತ್ತಾರೆ. ಇನ್ನೊಂದು 'ಮಾಸ್ ಪ್ರೊಜೆಕ್ಷನ್'. ಅಲ್ಲಿ ಎಲ್ಲರೂ ಎಲ್ಲವನ್ನೂ ಒಟ್ಟಿಗೇ, ಮೊದಲಿನಿಂದ ಕೊನೆಯವರೆಗೆ ಪೂರ್ತಿ ಬಲದಿಂದ. ಸದ್ದು ಎಷ್ಟು ದಟ್ಟವಾಗುತ್ತದೆ ಅಂದರೆ ಯಾರು ಏನು ನುಡಿಸುತ್ತಿದ್ದಾರೆ ಅಂತ ಬೇರೆ ಮಾಡಲಾಗುವುದಿಲ್ಲ.

1975ರ ಸೆಪ್ಟೆಂಬರ್ 5ರಂದು ಶಿಂಜುಕುವಿನ ಯಾಸುದಾ ಸೆಯಿಮೆಯಿ ಹಾಲ್‌ನಲ್ಲಿ ಅವರ ನ್ಯೂ ಡೈರೆಕ್ಷನ್ ಯೂನಿಟ್ ತಂಡ ಈ ಎರಡೂ ಬಗೆಗಳನ್ನು ಒಂದೇ ಸಂಜೆ ನುಡಿಸಿತು. 'ಆಕ್ಸಿಸ್: ಅನದರ್ ರಿವಾಲ್ವಬಲ್ ಥಿಂಗ್' ಹೆಸರಿನ ಎರಡು ರೆಕಾರ್ಡುಗಳಲ್ಲಿ ಅದು ಇದೆ. ನನ್ನ ಮಟ್ಟಿಗೆ ಈ ಇಡೀ ಪರಂಪರೆಯ ಎತ್ತರ ಇದೇ. ಮೊದಲು ನಿಧಾನದ ಭಾಗ ಕೇಳಿ, ಆಮೇಲೆ ದಟ್ಟ ಭಾಗಕ್ಕೆ ಹೋದರೆ ಒಂದು ವಿಷಯ ಹೊಳೆಯುತ್ತದೆ. ಎರಡರಲ್ಲೂ ಅದೇ ಎಚ್ಚರ ಇದೆ. ಒಂದರಲ್ಲಿ ಜಾಗ ಬಿಟ್ಟು ಕೇಳುತ್ತಾರೆ, ಇನ್ನೊಂದರಲ್ಲಿ ಜಾಗವೇ ಇಲ್ಲದಿದ್ದರೂ ಕೇಳುತ್ತಾರೆ.

ಇನ್ನು ಕಾವೊರು ಅಬೆ. ಈ ವಿಷಯದ ಬಗ್ಗೆ ಯಾರು ಮಾತಾಡಿದರೂ ಅವರ ಹೆಸರು ಬಂದೇ ಬರುತ್ತದೆ. 1949ರಲ್ಲಿ ಕವಾಸಾಕಿಯಲ್ಲಿ ಹುಟ್ಟಿದರು. ನುಡಿಸುತ್ತಿದ್ದದ್ದು ಆಲ್ಟೊ ಸ್ಯಾಕ್ಸೊಫೋನ್. ಕದ್ರಿ ಗೋಪಾಲನಾಥರ ಕೈಯಲ್ಲಿ ನಾವೆಲ್ಲ ಕೇಳಿದ್ದೂ ಇದೇ ವಾದ್ಯ. ಕದ್ರಿಯವರು ಅದರಿಂದ ಗಮಕ ತೆಗೆದರು. ಅಬೆ ಅದನ್ನು ಹರಿಯುವಷ್ಟು ಊದಿದರು.

1970ರ ಜೂನ್ 28ರಂದು, 21 ವರ್ಷದ ಅಬೆ ಮತ್ತು 37ರ ತಕಾಯಾನಗಿ ಶಿಂಜುಕುವಿನಲ್ಲಿ ಇಬ್ಬರೇ ವೇದಿಕೆಗೆ ಬಂದರು. ಡ್ರಮ್ಸ್ ಇಲ್ಲ, ಬೇಸ್ ಇಲ್ಲ. 'ಕಯಿತಾಯಿತೆಕಿ ಕೋಕನ್' ಎಂಬ ಆ ರೆಕಾರ್ಡ್ ತೀರಾ ಕಡಿಮೆ ಪ್ರತಿಗಳಲ್ಲಿ ಬಂದು ಮಾಯವಾಯಿತು. ಅದರ ಮೂಲ ಪ್ರತಿಗೆ ಸಂಗ್ರಹಕಾರರು ಬಂಗಾರದ ಬೆಲೆ ಕೊಡುತ್ತಾರೆ. 1999ರಲ್ಲಿ ಸಿ.ಡಿ. ಆಗುವವರೆಗೆ ಹೆಚ್ಚಿನವರು ಅದರ ಬಗ್ಗೆ ಓದಿದ್ದರು, ಕೇಳಿರಲಿಲ್ಲ. 11 ದಿನದ ನಂತರ, ಜುಲೈ 9ರಂದು, ಇಬ್ಬರೂ ಟೋಕಿಯೊದ ಶಿಬುಯಾದ ಸ್ಟೇಷನ್ 70 ಎಂಬಲ್ಲಿ ಮತ್ತೆ ನುಡಿಸಿದರು. ಆ ಟೇಪು 2001ರಲ್ಲಿ ಹೊರಬಂತು.

ಅಬೆ ಬದುಕಿದ್ದಾಗ ಬಂದ ರೆಕಾರ್ಡುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. 1978ರ ಸೆಪ್ಟೆಂಬರ್ 9ರಂದು ನಿದ್ರೆ ಮಾತ್ರೆ ಜಾಸ್ತಿಯಾಗಿ ತೀರಿಕೊಂಡರು. ಆಗ 29 ವರ್ಷ. ಆಮೇಲೆ ಟೇಪುಗಳು ಒಂದೊಂದಾಗಿ ಬರತೊಡಗಿದವು. 1971ರಲ್ಲಿ ಈಶಾನ್ಯ ಜಪಾನಿನಲ್ಲಿ ಒಬ್ಬರೇ ನುಡಿಸಿದ ಕಛೇರಿಗಳು, ಬೇಸ್ ವಾದಕ ಮೊತೊಹಾರು ಯೊಶಿಝಾವಾ ಜೊತೆಗಿನದು, ಡ್ರಮ್ಸ್ ವಾದಕ ಸಬು ತೊಯೊಝುಮಿ ಜೊತೆಗಿನದು. ಟೋಕಿಯೊದ ಹತ್ಸುದಾಯಿಯಲ್ಲಿ ಗಾಯಾ ಎಂಬ ಪುಟ್ಟ ಕ್ಲಬ್ ಇತ್ತು. ಕೊನೆಯ ಒಂದೆರಡು ವರ್ಷ ಅಬೆ ಅಲ್ಲಿ ಮತ್ತೆ ಮತ್ತೆ ಒಬ್ಬರೇ ನುಡಿಸಿದರು. ಆ ಟೇಪುಗಳಿಂದಲೇ 10 ಸಿ.ಡಿ. ಆದವು. ಸಾಯುವ 12 ದಿನ ಮೊದಲು, ಆಗಸ್ಟ್ 28ರಂದು, ಸಪ್ಪೊರೊದಲ್ಲಿ ನುಡಿಸಿದ್ದೂ ಉಳಿದಿದೆ.

ಒಬ್ಬನೇ ಒಂದು ವಾದ್ಯ ಹಿಡಿದು, ಹಾಡಿಲ್ಲದೆ, ಇಷ್ಟು ಹೊತ್ತು ಏನು ಮಾಡುತ್ತಾನೆ? ಗಾಯಾ ಟೇಪುಗಳಲ್ಲಿ ಕಿವಿಗೊಟ್ಟರೆ ಮೊದಲು ಗೊತ್ತಾಗುವುದು ಮೌನ. ಅಬೆ ಒಂದು ಸ್ವರ ಸೀಳುವಂತೆ ಊದಿ, ಥಟ್ಟನೆ ನಿಲ್ಲಿಸುತ್ತಾರೆ. ಆ ಬಿಡುವು ಎಷ್ಟು ಉದ್ದ ಅಂತ ನಮಗೆ ಗೊತ್ತಿಲ್ಲ, ಅವರಿಗೂ ಮೊದಲೇ ಗೊತ್ತಿಲ್ಲ. ಮತ್ತೆ ಊದುವಾಗ ತುಂಬ ಕೆಳಗಿನ ಸ್ವರದಿಂದ ಬರಬಹುದು ಅಥವಾ ಮೊದಲಿನದಕ್ಕಿಂತ ಎತ್ತರದ ಚೀರಾಟದಿಂದ ಬರಬಹುದು. ನಡುವೆ ಒಮ್ಮೊಮ್ಮೆ ಹಳೆಯ ಜನಪ್ರಿಯ ಹಾಡಿನ ಎರಡು ಸಾಲು ತೇಲಿ ಬರುತ್ತವೆ. 1960ರ ಹೊತ್ತಿಗೆ ಜಪಾನಿನಲ್ಲಿ ಮನೆಮಾತಾಗಿದ್ದ 'ಅಕಾಶಿಯಾ ನೊ ಆಮೆ ಗಾ ಯಾಮು ತೊಕಿ' ಹಾಡು ಅವರಿಗೆ ಬಹಳ ಇಷ್ಟ. ಆ ಸಾಲು ಶುರುವಾದಾಗ ಎಷ್ಟು ಮೆಲ್ಲಗೆ, ಎಷ್ಟು ಪ್ರೀತಿಯಿಂದ ನುಡಿಸುತ್ತಾರೆ ಅಂದರೆ, ಅದನ್ನು ಮುಂದಿನ ಉಸಿರಿನಲ್ಲೇ ಚೂರು ಮಾಡಿದಾಗ ನಮಗೂ ನೋವಾಗುತ್ತದೆ. ಕೋಪ ಮಾತ್ರ ಇದ್ದಿದ್ದರೆ ಹೀಗೆ ಆಗುತ್ತಿರಲಿಲ್ಲ.

ಇಲ್ಲಿ ಟೇಪಿನ ಗುಣದ ಬಗ್ಗೆಯೂ ಹೇಳಬೇಕು. ಇಂಥ ಹಲವು ರೆಕಾರ್ಡಿಂಗ್‌ಗಳಲ್ಲಿ ಸದ್ದು ಒಡೆದಂತೆ, ಹರಿದಂತೆ ಕೇಳಿಸುತ್ತದೆ. ಹೊಸಬರು ಇದನ್ನು ಕೇಳಿ ಪ್ರತಿ ಹಾಳಾಗಿದೆ ಅಂದುಕೊಳ್ಳುತ್ತಾರೆ. ಆಗುವುದು ಇಷ್ಟೇ. ಟೇಪಿನ ಮೇಲಿರುವ ಕಾಂತೀಯ ಪುಡಿ ಒಂದು ಮಿತಿಯವರೆಗೆ ಮಾತ್ರ ಸದ್ದಿನ ಏರಿಳಿತ ಹಿಡಿಯುತ್ತದೆ. ಅದಕ್ಕಿಂತ ಜೋರಾದ ಸದ್ದು ಬಂದರೆ ಅಲೆಯ ತುದಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಅಲೆಯಲ್ಲಿ ಮೂಲದಲ್ಲಿ ಇರದ ಹೊಸ ಸ್ವರಗಳು ಸೇರಿಕೊಳ್ಳುತ್ತವೆ. ಅದೇ ನಮಗೆ ಕೇಳಿಸುವ ಒರಟು. ಸಣ್ಣ ಕ್ಲಬ್ಬಿನಲ್ಲಿ ಒಂದೋ ಎರಡೋ ಮೈಕ್ ಇಟ್ಟು, ಅದರ ಹತ್ತಿರವೇ ಒಬ್ಬ ಮನುಷ್ಯ ಪೂರ್ತಿ ಬಲದಿಂದ ಸ್ಯಾಕ್ಸೊಫೋನ್ ಊದಿದರೆ ಹೀಗಾಗದೆ ಇರುವುದಿಲ್ಲ.

ಜೊತೆಗೆ ಕೋಣೆಯ ಪಾಲೂ ಇದೆ. ಚಿಕ್ಕ ಕೋಣೆಯಲ್ಲಿ ಗೋಡೆಗೆ ಬಡಿದ ಸದ್ದು ತಡವಿಲ್ಲದೆ ವಾಪಸ್ ಬಂದು ಮೊದಲಿನ ಸದ್ದಿಗೆ ಸೇರುತ್ತದೆ. ಹಾಗಾಗಿ ಗಿಟಾರಿಗೂ ಡ್ರಮ್ಸಿಗೂ ನಡುವಿನ ಗೆರೆ ಅಳಿಸಿಹೋಗುತ್ತದೆ. ಇದನ್ನು ಕಂಪ್ಯೂಟರಿನಲ್ಲಿ ತೊಳೆದು ಸ್ವಚ್ಛ ಮಾಡಬಹುದು. ಮಾಡಬಾರದು ಅಂತ ನನ್ನ ಅಭಿಪ್ರಾಯ. ಟೇಪಿನ ಉಸ್ಸೆನ್ನುವ ಸದ್ದನ್ನು ತೆಗೆಯಲು ಹೋದರೆ ಅಬೆ ಅವರ ಮೌನದಲ್ಲಿರುವ ಕೋಣೆಯ ಗಾಳಿಯೂ ಹೋಗುತ್ತದೆ.

ಹೊರಗಿನವರೂ ಈ ಕೋಣೆಗಳಿಗೆ ಬಂದರು. ವಿಮರ್ಶಕ ಅಕಿರಾ ಐದಾ ಮುಂದಾಳತ್ವ ವಹಿಸಿ 1977ರಲ್ಲಿ ಅಮೆರಿಕದ ಡ್ರಮ್ಸ್ ವಾದಕ ಮಿಲ್‌ಫರ್ಡ್ ಗ್ರೇವ್ಸ್, 1978ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಗಿಟಾರ್ ವಾದಕ ಡೆರೆಕ್ ಬೈಲಿ ಅವರನ್ನು ಕರೆಸಿದರು. ಇಬ್ಬರೂ ಅಬೆ, ಸ್ಯಾಕ್ಸೊಫೋನ್ ವಾದಕ ಮೊತೊತೆರು ತಕಾಗಿ, ಟ್ರಂಪೆಟ್ ವಾದಕ ತೊಶಿನೊರಿ ಕೊಂದೊ ಮುಂತಾದವರ ಜೊತೆ ನುಡಿಸಿ ರೆಕಾರ್ಡ್ ಮಾಡಿದರು. ಗ್ರೇವ್ಸ್ ಜೊತೆ ಕೂತ ತಾಳವಾದ್ಯಗಾರ ತೊಶಿಯುಕಿ ತ್ಸುಚಿತೊರಿ ಮುಂದೆ ರಂಗ ನಿರ್ದೇಶಕ ಪೀಟರ್ ಬ್ರೂಕ್ ಅವರ ಮಹಾಭಾರತ ನಾಟಕಕ್ಕೆ ಸಂಗೀತ ಮಾಡಿದರು. ಇಷ್ಟೆಲ್ಲ ಕೂಡಿಸಿದ ಐದಾ 1978ರ ಡಿಸೆಂಬರ್‌ನಲ್ಲಿ, ಅಬೆ ಹೋದ ಮೂರು ತಿಂಗಳಿಗೆ, 32ನೇ ವಯಸ್ಸಿನಲ್ಲಿ ತೀರಿಕೊಂಡರು. ಒಂದೇ ವರ್ಷದಲ್ಲಿ ಇಬ್ಬರು. ಆ ವಲಯ ಚೇತರಿಸಿಕೊಳ್ಳಲು ಕಾಲ ಹಿಡಿಯಿತು.

ಭಾರತದೊಂದಿಗೆ ನೇರ ನಂಟು ಇರುವವರು ಇನ್ನೊಂದು ತಂಡದವರು. ಜಾಝ್‌ಗಿಂತ ಶುದ್ಧ ಆಶು ಸಂಗೀತಕ್ಕೆ ಹತ್ತಿರವಿದ್ದ ಆ ತಂಡದ ಹೆಸರೇ ತಾಜ್ ಮಹಲ್ ಟ್ರಾವೆಲರ್ಸ್. ಪಿಟೀಲು ವಾದಕ ತಕೆಹಿಸಾ ಕೊಸುಗಿ 1969ರಲ್ಲಿ ಕಟ್ಟಿದ್ದು. ಪಿಟೀಲು, ತುತ್ತೂರಿ, ಬಾಯಿಯ ಸದ್ದು, ತಟ್ಟುವ ವಸ್ತುಗಳು, ಎಲ್ಲವನ್ನೂ ವಿದ್ಯುತ್ ಪ್ರತಿಧ್ವನಿಯಲ್ಲಿ ಮುಳುಗಿಸಿ ಗಂಟೆಗಟ್ಟಲೆ ನುಡಿಸುತ್ತಿದ್ದರು. ಸಮುದ್ರ ತೀರದಲ್ಲಿ ಇಡೀ ದಿನ ನುಡಿಸಿದ್ದೂ ಇದೆ. ಯುರೋಪ್ ಪ್ರವಾಸ ಮುಗಿಸಿ, ಹಾಲೆಂಡಿನಿಂದ ವ್ಯಾನ್ ಓಡಿಸಿಕೊಂಡು ರಸ್ತೆಯಲ್ಲೇ ಭಾರತಕ್ಕೆ, ತಾಜ್ ಮಹಲಿಗೇ ಬಂದರು. ವಾಪಸ್ ಹೋಗಿ ಟೋಕಿಯೊದ ಸೊಗೆತ್ಸು ಹಾಲ್‌ನಲ್ಲಿ ನುಡಿಸಿದ್ದು ರೆಕಾರ್ಡ್ ಆಗಿದೆ. ಅದರ ಹೆಸರು ಆ ದಿನದ ತಾರೀಖೇ: 'ಜುಲೈ 15, 1972'. ತಕಾಯಾನಗಿ ಅವರ ಸದ್ದು ಕಷ್ಟ ಅನ್ನಿಸುವವರಿಗೆ ಇದು ಹಿಡಿಸಬಹುದು. ತಂಬೂರಿ ಶ್ರುತಿಯಲ್ಲಿ ಕಿವಿ ನೆನೆಸಿಕೊಂಡವರಿಗೆ ಇದರ ನಿಧಾನ ಹೊಸದಲ್ಲ.

ಇನ್ನು ಟೇಪುಗಳನ್ನು ಕಾಪಾಡಿದವರ ಮಾತು. ಟೋಕಿಯೊದ ಮೆಯಿದಾಯಿಮಾಯೆಯಲ್ಲಿ ಮಾಡರ್ನ್ ಮ್ಯೂಸಿಕ್ ಎಂಬ ಸಣ್ಣ ರೆಕಾರ್ಡ್ ಅಂಗಡಿ ಇತ್ತು. ಅದರ ಮಾಲೀಕ ಹಿದೆಯೊ ಇಕೆಯೆಝುಮಿ 1984ರಲ್ಲಿ ಪಿ.ಎಸ್.ಎಫ್. ಎಂಬ ಕಂಪನಿ ಶುರು ಮಾಡಿದರು. ಹೊಸ ರಾಕ್ ತಂಡಗಳ ಜೊತೆ ಜೊತೆಗೇ ತಕಾಯಾನಗಿ, ಅಬೆ, ಯೊಶಿಝಾವಾ, ತಕಾಗಿ ಅವರ ಹಳೆಯ ಟೇಪುಗಳನ್ನು ಒಂದೊಂದಾಗಿ ಹೊರತಂದರು. ಸ್ಟೇಷನ್ 70ರಲ್ಲಿ 1970ರಲ್ಲಿ ಆದ ತಕಾಯಾನಗಿ ತಂಡದ 'ಕಾಲ್ ಇನ್ ಕ್ವೆಶ್ಚನ್' ಬಂದದ್ದು 1994ರಲ್ಲಿ, ಅವರಿಂದಲೇ. ಅವರ ಮಟ್ಟಿಗೆ ಹಳೆಯದು ಹೊಸದು ಅಂತ ಭೇದ ಇರಲಿಲ್ಲ. ಗೆನ್ಯಾ ಉತ್ಸವದಲ್ಲಿ 19 ವರ್ಷದ ಹುಡುಗನಾಗಿ ಹಾಡಿದ್ದ ಕೆಯಿಜಿ ಹಾಯಿನೊ ಮುಂದೆ ಈ ಕಂಪನಿಯ ದೊಡ್ಡ ಹೆಸರಾದರು. ಇಕೆಯೆಝುಮಿ 2017ರಲ್ಲಿ ತೀರಿಕೊಂಡರು. ಅವರ ಪಟ್ಟಿಯನ್ನು ಲಾಸ್ ಏಂಜಲೀಸ್‌ನ ಬ್ಲ್ಯಾಕ್ ಎಡಿಷನ್ಸ್ ಮುಂದುವರಿಸುತ್ತಿದೆ.

ಟೋಕಿಯೊದ ಹೊರಗೂ ಇಂಥವರಿದ್ದರು. ಯಾಮಾಗುಚಿ ಪ್ರಾಂತ್ಯದ ಹೋಫು ಎಂಬ ಊರಿನ ಕೆಫೆ ಅಮೋರೆಸ್‌ನಲ್ಲಿ ನಡೆದ ಕಛೇರಿಗಳ ಟೇಪುಗಳನ್ನು ತಕೆಯೊ ಸುಯೆತೊಮಿ ಜೋಪಾನ ಮಾಡಿದ್ದರು. ಈಗ ಅವು ಲಿಥುವೇನಿಯಾದ ನೋಬಿಸಿನೆಸ್ ಕಂಪನಿಯಿಂದ ಬರುತ್ತಿವೆ. ಅಬೆ ಮತ್ತು ತೊಯೊಝುಮಿ 1978ರಲ್ಲಿ ಇಬ್ಬರೇ ನುಡಿಸಿದ ಒಂದು ಟೇಪು 40 ವರ್ಷದ ನಂತರ, 2018ರಲ್ಲಿ, ಈ ಸರಣಿಯಲ್ಲೇ ಹೊರಬಂತು. ಜಪಾನಿನ ಒಂದು ಸಣ್ಣ ಊರಿನವರ ಕಾಳಜಿ, ಬಾಲ್ಟಿಕ್ ತೀರದ ಒಂದು ಪುಟ್ಟ ಕಂಪನಿಯ ಧೈರ್ಯ. ಅಪರೂಪದ ವಸ್ತು ಅಂತ ಬೀಗ ಹಾಕಿಟ್ಟುಕೊಳ್ಳುವ ಸಂಗ್ರಹಕಾರರಿಗಿಂತ ಇಂಥವರು ನನಗೆ ದೊಡ್ಡವರಾಗಿ ಕಾಣುತ್ತಾರೆ.

ಈ ಕಥೆ ಗಲಾಟೆಯಲ್ಲೇ ನಿಲ್ಲಲಿಲ್ಲ. ತಕಾಯಾನಗಿ ಅವರ ಬಳಿ ಗಿಟಾರ್ ಕಲಿತ ಒತೊಮೊ ಯೊಶಿಹಿದೆ 2000ದ ಹೊತ್ತಿಗೆ ಪೂರ್ತಿ ಎದುರು ದಿಕ್ಕಿನ ಸಂಗೀತದಲ್ಲಿದ್ದರು. ಟೋಕಿಯೊದ ಯೊಯೊಗಿಯ ಒಂದು ಹಳೆಯ ಮನೆಯಲ್ಲಿ ಆಫ್ ಸೈಟ್ ಎಂಬ ಜಾಗ 2000ದಿಂದ 2005ರವರೆಗೆ ನಡೆಯಿತು. ಗೋಡೆ ತೆಳು, ಅಕ್ಕಪಕ್ಕ ಸಂಸಾರಸ್ಥರು. ಜೋರಾಗಿ ನುಡಿಸುವ ಹಾಗೇ ಇಲ್ಲ. ತೊಶಿಮಾರು ನಕಾಮುರಾ ಸದ್ದು ಬೆರೆಸುವ ಮಿಕ್ಸರಿಗೆ ಏನನ್ನೂ ಜೋಡಿಸದೆ, ಅದರದ್ದೇ ತುದಿಯನ್ನು ಅದಕ್ಕೇ ಸಿಕ್ಕಿಸಿ ಬರುವ ಸಣ್ಣ ಗುಂಯ್‌ಗುಡುವಿಕೆಯನ್ನೇ ವಾದ್ಯ ಮಾಡಿಕೊಂಡರು. ಸಾಚಿಕೊ ಎಮ್. ಒಂದೇ ಸಮನೆಯ ತೆಳು ಸ್ವರ ಹಿಡಿದು ಕೂತರು. ಇವರ ಟೇಪಿನಲ್ಲಿ ಬೀದಿಯ ಸದ್ದೂ ಸಂಗೀತದಷ್ಟೇ ಕೇಳಿಸುತ್ತದೆ. ಗುರುವಿನ ದಟ್ಟ ಸದ್ದಿಗೂ ಶಿಷ್ಯರ ಈ ಮೌನಕ್ಕೂ ನಡುವೆ ಸಂಬಂಧವಿಲ್ಲ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಕೋಣೆಯನ್ನೂ ಪಕ್ಕದವನನ್ನೂ ಕೇಳಿಸಿಕೊಂಡು ನುಡಿಸುವ ಅದೇ ಕೆಲಸ ಇಲ್ಲಿ ಕಡಿಮೆ ಸದ್ದಿನಲ್ಲಿ ನಡೆದಿದೆ.

ಹೊಸದಾಗಿ ಕೇಳುವವರು ಯಾಮಾಶಿತಾ ತಂಡದಿಂದ ಶುರು ಮಾಡುವುದು ಒಳ್ಳೆಯದು. ಅಲ್ಲಿ ತಾಳ ಇಲ್ಲದಿದ್ದರೂ ಓಟ ಇದೆ, ಖುಷಿ ಇದೆ. 1974ರಲ್ಲಿ ಜರ್ಮನಿಯ ಮೋರ್ಸ್ ಉತ್ಸವದಲ್ಲಿ ಅವರು ನುಡಿಸಿದ 'ಕ್ಲೇ' ಸುಲಭವಾಗಿ ಸಿಗುತ್ತದೆ. ಆಮೇಲೆ ಅಬೆ ಅವರ ಗಾಯಾ ಟೇಪುಗಳಲ್ಲಿ ಯಾವುದಾದರೂ ಒಂದು. 'ಆಕ್ಸಿಸ್' ಅದರ ನಂತರ. 'ಲಾ ಗ್ರಿಮಾ' ಎಲ್ಲಕ್ಕಿಂತ ಕೊನೆಗೆ ಇರಲಿ. ವಾಲ್ಯೂಮ್ ಹದವಾಗಿಡಿ, ಈ ಟೇಪುಗಳ ಚೀರಾಟ ಕಿವಿಗೆ ನಿಜವಾಗಿಯೂ ಪೆಟ್ಟು ಕೊಡಬಲ್ಲದು. ಒಂದೇ ಕೂತಲ್ಲಿ ಪೂರ್ತಿ ಕೇಳಬೇಕು ಅಂತೇನೂ ಇಲ್ಲ. ಕೇಳುವಷ್ಟು ಹೊತ್ತು ಮಾತ್ರ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಒಬ್ಬ ವಾದ್ಯಗಾರನನ್ನು ಆರಿಸಿಕೊಂಡು ಹತ್ತು ನಿಮಿಷ ಅವನ ಬೆನ್ನು ಹತ್ತಿ, ಆಮೇಲೆ ಅವನು ಯಾರಿಗೆ ಉತ್ತರ ಕೊಡುತ್ತಿದ್ದಾನೆ ಅಂತ ಹುಡುಕಿ.